ನಮ್ಮ ಮಗನ ಮುಡಿ ಯಾವ ದೇವರಿಗೆ

ನನ್ನ ಮಗನಿಗೆ ಮೂರನೇ ವರ್ಷ ನಡೆಯುವಾಗ ಅವನ ಕೂದಲು ಬೆನ್ನಿನ ಅರ್ಧಕ್ಕೆ ಇಳಿದಿತ್ತು. ದಿನಾ ಬೆಳಿಗ್ಗೆ ಅವನನ್ನು ಎರಡು ಮಂಡಿಗಳ ನಡುವೆ ಅಮುಕಿ ಹಿಡಿದು, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಹೆಣೆಯುವಷ್ಟರಲ್ಲಿ ನಮ್ಮಿಬ್ಬರ ನಡುವೆ ಒಂದು ಯುದ್ಧವೇ ಮುಗಿದಿರುತ್ತಿತ್ತು. ಮತ್ತಿಕೆರೆಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರು, "ಬಾಮ್ಮ ಪುಟ್ಟಿ, ಒಳಗ್ ಬಾ" ಅನ್ನುತ್ತಿದ್ದ. "ನಾನ್ ಗಂಡ್ಸು ಕಣೋ" ಎಂದು ನನ್ನ ಮಗ ಜಡೆ ಝಾಡಿಸುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು, ನನಗೆ ಮಾತ್ರ ಮೈ ಉರಿಯುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ತವರಿನಲ್ಲಿ ನನಗೆ ಹೆಸರಿತ್ತು. ಆ ಹೆಸರನ್ನು ಗಂಡನ ಮನೆಯಲ್ಲೂ ನಾನು ಕೆಡಿಸಿಕೊಂಡಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಅತ್ತೆ. ನಮ್ಮ ಕಡೆ ಮಗುವಿನ ಮೊದಲ ಕೂದಲನ್ನು ಮನೆದೇವರಿಗೆ ಮುಡಿ ಕೊಡಬೇಕು. ಅಲ್ಲಿಯತನಕ ಕತ್ತರಿ ತಾಕಿಸುವಂತಿಲ್ಲ. ಒಂದನೇ ವರ್ಷ ತಪ್ಪಿದರೆ ಮೂರು, ಮೂರು ತಪ್ಪಿದರೆ ಐದು. ಯಲಹಂಕದಾಚೆಯ ನನ್ನ ತವರಿನಲ್ಲಿ ಇದು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ವರ್ಷಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಮನೆದೇವರಿಗೆ ಹೋಗುವುದು, ಅಲ್ಲೇ ಒಲೆ ಹೂಡಿ ಉಣ್ಣುವುದು, ಕೂಸುಗಳ ತಲೆ ಬೋಳಿಸಿಕೊಂಡು ಬರುವುದು, ಅಷ್ಟೇ. ಮದುವೆಯಾದ ಹೊಸತರಲ್ಲಿ "ನಮ್ಮ ಮನೆದೇವ್ರು ಎಲ್ಲಿ ಅತ್ತೆಮ್ಮ?" ಎಂದು ಕೇಳಿದ್ದೆ. "ಗೊತ್ತಿದ್ರೆ ನಾನೇ ಕರ್ಕಂಡೋಗ್ತಿರ್ಲಿಲ್ವ" ಎಂದು ಅತ್ತೆ ಒಲೆಗೆ ಸೌದೆ ನೂಕಿದ್ದರು.

ಮತ್ತಿಕೆರೆ ಆಗ ಹಳ್ಳಿಯೂ ಅಲ್ಲ, ಪೇಟೆಯೂ ಅಲ್ಲ. ನಮ್ಮ ದನದ ಕೊಟ್ಟಿಗೆಯೇ ಗೋಡೆ ಎದ್ದು ಬಾಡಿಗೆ ರೂಮುಗಳಾಗಿತ್ತು. ಕಾಲೇಜು ಹುಡುಗರು ರೂಮು ಹುಡುಕಿಕೊಂಡು ಬಂದು "ಹಸಿರು ಬಣ್ಣದ ಮಹಡಿ ಮನೆ ಯಾವುದು" ಎಂದು ಕೇಳಿದರೆ, ಹಳೇ ಊರಿನವರು, "ಓ, ಜೀತದೋರ ಮನೇನಾ?" ಎಂದು ದಾರಿ ತೋರಿಸುತ್ತಿದ್ದರು. ಮಹಡಿ ಕಟ್ಟಿಸಿದರೂ, ನನ್ನ ಗಂಡ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆದರೂ ಆ ಹೆಸರು ಮಾತ್ರ ಅಳಿಯಲಿಲ್ಲ. ನಾನು ಜಗಳಕ್ಕೆ ನಿಂತರೆ ಅತ್ತೆಯೇ ತಡೆಯುತ್ತಿದ್ದರು. "ಜೀತ ಮಾಡಿದ್ದು ಸುಳ್ಳಾ? ಕದ್ದಿಲ್ವಲ್ಲ, ಸುಮ್ಕಿರು."

ಆ ಜೀತದವರು ಅತ್ತೆಯ ಮಾವ, ನನ್ನ ಗಂಡನ ತಾತ. ಯಾವುದೋ ದೂರದ ಸೀಮೆಯ ಜನ ಘಾಟಿಯ ದನದ ಸಂತೆಗೆ ಎತ್ತು ಕೊಳ್ಳಲು ಬಂದಿದ್ದರಂತೆ. ಅವರ ಜೊತೆ ಬಂದಿದ್ದ ಈ ಪುಟ್ಟ ಹುಡುಗ ಜ್ವರ ಹತ್ತಿ ಮಲಗಿದ. ಆ ಸಂತೆಗೇ ಬಂದಿದ್ದ ಮತ್ತಿಕೆರೆಯ ದೊಡ್ಡಮನೆಯವರು, "ಹುಷಾರಾದ ಮೇಲೆ ಬಂದು ಕರ್ಕೊಂಡು ಹೋಗಿ" ಎಂದು ಅವನನ್ನು ಉಳಿಸಿಕೊಂಡರು. ಯಾರೂ ಬರಲಿಲ್ಲ. ಏಕೆ ಬರಲಿಲ್ಲವೋ ದೇವರೇ ಬಲ್ಲ. ಹುಡುಗ ದೊಡ್ಡಮನೆಯ ದನ ಕಾಯುತ್ತ, ಹೊಟ್ಟೆಬಟ್ಟೆಗೆ ಜೀತ ಮಾಡುತ್ತ ಬೆಳೆದ. ವರ್ಷಕ್ಕೊಂದು ಕಂಬಳಿ. ಕೊನೆಗೆ ದೊಡ್ಡಮನೆಯ ಅಜ್ಜಿಯೊಬ್ಬರು ಅವನಿಗೊಂದು ಮದುವೆ ಮಾಡಿ, ಕೆರೆಯಂಚಿನ ಯಾರಿಗೂ ಬೇಡವಾದ ಜೌಗು ನೆಲ ಕೊಟ್ಟರು. ಅದೇ ಜೌಗಿನಲ್ಲಿ ಈಗ ಸೈಟುಗಳಿಗೆ ಜನ ಮೇಲೆ ಬಿದ್ದು ಬರುತ್ತಿದ್ದರು. ನಗು ಬರುತ್ತೆ.

ಅತ್ತೆ ಈ ಮನೆಗೆ ಸೊಸೆಯಾಗಿ ಬಂದಾಗ ಇನ್ನೂ ಎಳೇ ಹುಡುಗಿ. ತವರಿನ ನೆನಪಾಗಿ ಅಳುತ್ತಿದ್ದವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ತೋರಿಸಿದ್ದು ಆ ಮಾವ. ಒಂದು ಸಲ ಊರವರೆಲ್ಲ ತಮ್ಮ ತಮ್ಮ ಮನೆದೇವರಿಗೆ ಗಾಡಿ ಕಟ್ಟಿದಾಗ ಅವರು ಜಗಲಿಯಲ್ಲಿ ಕೂತು, "ಎಲ್ರೂ ಓಯ್ತಾವ್ರೆ ಕಣಮ್ಮಿ. ನಂಗೆ ದಾರಿ ಗೊತ್ತಿಲ್ಲ" ಅಂದಿದ್ದರಂತೆ. ಆ ಒಂದು ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಅತ್ತೆಯ ಮಕ್ಕಳ ಮುಡಿಯೆಲ್ಲ ದೊಡ್ಡಮನೆಯವರ ದೇವರಿಗೆ ಹೋಯಿತು. ಆಗ ಮನೆಯ ಯಜಮಾನಿಕೆ ಗಂಡಸರ ಕೈಯಲ್ಲಿತ್ತು. ಈಗ ಅತ್ತೆಯ ಕಾಲ. "ಮೊದಲ್ನೇ ಮೊಮ್ಮಗನ ಮುಡಿ ನಮ್ಮಾವನ ದೇವ್ರಿಗೇ ಓಗ್ಬೇಕು. ಎಲ್ಲಿದ್ರೂ ಉಡುಕಿ" ಎಂದು ಅಪ್ಪಣೆಯಾಯಿತು.

ಹೇಳುವುದು ಸುಲಭ. ನಾನು ಜೂನ್‌ನಲ್ಲಿ ಮಗನನ್ನು ನರ್ಸರಿಗೆ ಸೇರಿಸಬೇಕೆಂದಿದ್ದೆ. ಗಂಡುಮಕ್ಕಳು ಕೂದಲು ಕತ್ತರಿಸಿಕೊಂಡೇ ಬರಬೇಕು ಎಂದು ಅಲ್ಲಿಯ ಮಿಸ್ಸು ಖಡಾಖಂಡಿತವಾಗಿ ಹೇಳಿದ್ದರು. "ಜೂನ್ ತನಕ ಟೈಮು. ಆಮೇಲೆ ನಾನೇ ಕತ್ತರಿ ಹಿಡೀತೀನಿ" ಎಂದೆ. "ಇಡಿ ನೋಡಾನ" ಎಂದು ಅತ್ತೆ ಅವತ್ತೇ ಮೊಮ್ಮಗನ ಜಡೆಗೆ ಕನಕಾಂಬರ ಮುಡಿಸಿದರು.

ನನ್ನ ಗಂಡ ಮೊದಲು ಹಿಡಿದು ತಂದದ್ದು ಒಬ್ಬ ಹೆಳವನನ್ನು. ನಮ್ಮ ಕಡೆ ಒಕ್ಕಲು ಮನೆಗಳಿಗೆಲ್ಲ ಹೆಳವರು ಇರುತ್ತಾರೆ. ಎತ್ತಿನ ಮೇಲೆ ಕೂತು, ಗಂಟೆ ಆಡಿಸಿಕೊಂಡು ಬಂದು, ಆ ಮನೆಯ ಹಿರಿಯರ ಹೆಸರನ್ನೆಲ್ಲ ತಲೆತಲಾಂತರದಿಂದ ಒಪ್ಪಿಸಿ, ರಾಗಿ ಇಸಿದುಕೊಂಡು ಹೋಗುತ್ತಾರೆ. ನಮ್ಮ ಮನೆಯ ಮುಂದೆ ಮಾತ್ರ ಆ ಎತ್ತು ಯಾವತ್ತೂ ನಿಂತಿರಲಿಲ್ಲ. ಈ ಮಹಾರಾಯ ಬಂದವನೇ ಕಣ್ಣು ಮುಚ್ಚಿ, ನಮ್ಮ ತಾತ ಪಾಳೇಗಾರರ ವಂಶ, ಅವರ ಹಿಂದೆ ಏಳು ಗಾಡಿ, ಮುಂದೆ ಏಳು ಕುದುರೆ ಎಂದು ರಾಗವಾಗಿ ಶುರುಮಾಡಿದ. ನನ್ನ ಗಂಡ ಅಲ್ಲೇ ಒಂದು ಗೇಣು ಎತ್ತರವಾದರು. ಅತ್ತೆ ಮೊರದಲ್ಲಿ ರಾಗಿ ಕೇರುತ್ತ ಕೇಳಿದರು:

"ಏಳು ಕುದ್ರೆ ಇದ್ದೋನು ದನ ಕಾಯಾಕೆ ಯಾಕಪ್ಪ ಬಂದ?"

ಹೆಳವ ಕಣ್ಣು ಬಿಟ್ಟ. ಆಮೇಲೆ ಅವನೇ ನಕ್ಕುಬಿಟ್ಟ. "ತಾಯಿ, ನಿಮ್ಮನೆ ನನ್ನ ಬಾಯಲ್ಲಿಲ್ಲ. ಯಜಮಾನ್ರು ಆಸೆಪಟ್ಟು ಕರೆದ್ರು, ಬೇಜಾರ್ ಮಾಡೋದ್ಯಾಕೆ ಅಂತ ಹೇಳ್ದೆ." ಅತ್ತೆ ಅವನಿಗೆ ರಾಗಿ ಕೊಟ್ಟು, ಎತ್ತಿಗೂ ಹುಲ್ಲು ಹಾಕಿ ಕಳಿಸಿದರು. "ಸುಳ್ಳಾದ್ರೂ ಚೆನ್ನಾಗಿ ಏಳ್ದ" ಎಂದು ವಾರವೆಲ್ಲ ನಕ್ಕರು. ನನ್ನ ಗಂಡ ಮಾತ್ರ ಆ ಕುದುರೆಗಳನ್ನು ಅಷ್ಟು ಬೇಗ ಬಿಟ್ಟುಕೊಡಲಿಲ್ಲ.

ಹಾಗೆ ನೋಡಿದರೆ ತಾತ ತನ್ನ ಊರಿಂದ ತಂದದ್ದು ಒಂದೇ ಒಂದು. ಎಳ್ಳಮಾವಾಸ್ಯೆಯ ದಿನ ಅವರು ತಮ್ಮ ಜೌಗು ನೆಲದ ಹೊಂಗೆಮರದಡಿ ಕಲ್ಲು ನಿಲ್ಲಿಸಿ, ಎಡೆ ಇಟ್ಟು, ಅನ್ನ ರೊಟ್ಟಿಯ ಚೂರುಗಳನ್ನು ನೆಲಕ್ಕೆ ಎರಚಿ ಬರುತ್ತಿದ್ದರಂತೆ. ನಮ್ಮ ಕಡೆ ಆ ದಿನ ಹೊಲದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಜೀತದವನಿಗೆ ಅಮಾವಾಸ್ಯೆ ಹುಚ್ಚು ಎಂದು ಊರು ನಗುತ್ತಿತ್ತು. ಆದರೂ ಮಾವ ಹೋದ ಮೇಲೆ ಅತ್ತೆ ಅದನ್ನು ಬಿಡಲಿಲ್ಲ. ಯಶವಂತಪುರದ ಮಂಡಿಯಿಂದ ಸಜ್ಜೆ ತರಿಸಿ, ಎಳ್ಳು ಹಚ್ಚಿದ ರೊಟ್ಟಿ ತಟ್ಟಿ, ಕಾಳು ಸೊಪ್ಪೆಲ್ಲ ಸೇರಿಸಿ ಪಲ್ಯ ಮಾಡಿ, ಕಡುಬು ಬೇಯಿಸಿ, ಯಾರಿಗೂ ಕಾಣದ ಹಾಗೆ ಸೆರಗಿನಡಿ ಇಟ್ಟುಕೊಂಡು ಹೋಗಿ, ಎಡೆ ಇಟ್ಟು, ಮಾವ ಹೇಳಿಕೊಟ್ಟಂತೆ ತಿರುಗಿ ನೋಡದೆ ಬರುತ್ತಿದ್ದರು. ಅಡುಗೆಗೆ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು, ಮರದಡಿಗೆ ಮಾತ್ರ ಒಬ್ಬರೇ.

ಆ ವರ್ಷ ಹೊಂಗೆಮರವಿದ್ದ ಜಾಗ ಸೈಟಾಗಿ ಒಬ್ಬ ಬ್ಯಾಂಕಿನ ಸಾಹೇಬರ ಪಾಲಾಗಿತ್ತು. ಅತ್ತೆಗೆ ಅದೆಲ್ಲ ಲೆಕ್ಕಕ್ಕಿಲ್ಲ. ಬೇಲಿಯ ಕಲ್ಲುಕಂಬಗಳ ನಡುವೆ ನುಸುಳಿ ಪೂಜೆ ಮುಗಿಸಿ ಬಂದರು. ಅದೇ ಮಧ್ಯಾಹ್ನ ಸಾಹೇಬರು ಹೆಂಡತಿಯನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಸೈಟು ನೋಡಲು ಬರಬೇಕೆ? ಸುಣ್ಣ ಬಳಿದ ಕಲ್ಲು, ಕುಂಕುಮ, ಚೆಲ್ಲಿದ ಅನ್ನ, ಮೇಲಿಂದ ಅಮಾವಾಸ್ಯೆ. ಆ ಹೆಂಗಸು ಕಿಟಾರನೆ ಕಿರುಚಿಕೊಂಡಳು. ಮೇಸ್ತ್ರಿ ಎರಡು ಹೆಜ್ಜೆ ಹಿಂದಕ್ಕೆ ಹೋಗಿ, "ಮಾಟ ಮಾಡವ್ರೆ ಸಾರ್" ಎಂದು ತೀರ್ಪು ಕೊಟ್ಟ. ಯಾರೋ ನಮ್ಮ ಮನೆ ತೋರಿಸಿದರು.

"ಮಾಟ ಮಾಡಿ ಸೈಟು ಹೊಡ್ಕೊಳ್ಳೋಕೆ ನೋಡ್ತಿದ್ದೀರಾ? ಪೊಲೀಸ್ ಕರೆಸ್ತೀನಿ" ಎಂದು ಸಾಹೇಬರು ನಮ್ಮ ಬಾಗಿಲಲ್ಲಿ ನಿಂತು ಕೂಗಿದರು.

ಮಗನಿಗೆ ಜಡೆ ಹಾಕುತ್ತಿದ್ದ ಬಾಚಣಿಗೆ ಹಿಡಿದೇ ನಾನು ಹೊರಗೆ ಬಂದೆ. "ಕರೆಸಿ. ನಮ್ಮದೇ ನೆಲ ನಿಮಗೆ ಮಾರಿ, ಅದನ್ನೇ ಹೊಡ್ಕೊಳ್ಳೋಕೆ ಕಡುಬು ಬೇಯಿಸ್ಕೊಂಡು ಬಂದ್ವಿ ನೋಡಿ. ಮಾಟ ಮಾಡೋರು ಎಲ್ಲಾದ್ರೂ ಎಳ್ಳು ರೊಟ್ಟಿ ಎಡೆ ಇಡ್ತಾರೇನ್ರೀ?" ಮಾತಿಗೆ ಮಾತು ಬೆಳೆಯಿತು. ರೂಮಿನ ಹುಡುಗರು ಪುಸ್ತಕ ಮಡಚಿ ಹೊರಗೆ ಬಂದು ಸಾಲಾಗಿ ನಿಂತರು. ಕೊನೆಗೆ ಎಲ್ಲರೂ ಮೆರವಣಿಗೆಯ ಹಾಗೆ ಸೈಟಿಗೆ ಹೊರಟೆವು.

ನಮ್ಮ ಹಿತ್ತಲ ರೂಮಿಗೆ ಆ ಆಷಾಢದಲ್ಲಷ್ಟೇ ಬಾಡಿಗೆಗೆ ಬಂದಿದ್ದ ಗಂಡ ಹೆಂಡತಿ ಇದ್ದರು. ಉತ್ತರ ಕರ್ನಾಟಕದವರು. ಗಂಡ ಪೀಣ್ಯದಲ್ಲಿ ಲೇತ್ ಕೆಲಸ. ಹೆಂಡತಿ ಕೊಡಪಾನ ಹಿಡಿದು ನಲ್ಲಿಗೆ ಹೊರಟವಳು ನಮ್ಮ ಹಿಂದೆಯೇ ಬಂದಳು. ಕಲ್ಲುಗಳನ್ನು ನೋಡಿದವಳೇ ಕೊಡ ಕೆಳಗಿಟ್ಟು ಕೈಮುಗಿದಳು.

"ಮಾಟ ಅಲ್ರೀ ಸಾಹೇಬ್ರ. ಪಾಂಡವರ ಪೂಜಿ. ನಮ್ಮ ಕಡೆ ಎಳ್ಳಮಾಸಿಗೆ ಊರಿಗೆ ಊರ ಹೊಲಕ್ಕ ಹೋಗಿ ಹಿಂಗ ಮಾಡ್ತಾರ. ಭೂಮಿತಾಯಿಗೆ ಉಣಿಸೂದ್ರಿ ಇದು. ನಿಮ್ಮ ಜಾಗಕ್ಕ ಛಲೋನ ಆಗ್ತೈತಿ."

ಅತ್ತೆ ಕಂಬ ಹಿಡಿದು ನಿಂತುಬಿಟ್ಟರು. "ಏನಂದೆ? ನಿಮ್ಮೂರಾಗೂ ಮಾಡ್ತಾರಾ?"

"ಮಾಡ್ತಾರ್ರೀ ಅಜ್ಜಿ. ಆದ್ರ ನಮ್ಮಲ್ಲಿ ಐದು ಕಲ್ಲು. ಈ ಆರನೇದು, ಹಿಂದ ಬೂದಿ ಹಚ್ಚಿ ಇಟ್ಟೀರಲ್ಲ, ಇದೇನ್ರೀ?"

"ಅವ್ನು ಕಳ್ಳ. ಮೊದ್ಲು ಅವನ್ಗೇ ಇಕ್ಬೇಕು, ಆಮೇಲೆ ಪಾಂಡವ್ರಿಗೆ. ನಮ್ಮಾವ ಅಂಗೇ ಕಲಿಸಿದ್ದು."

"ಕಳ್ಳಗ ಮೊದಲ ಉಣಿಸೂದು ನಾ ಎಲ್ಲೂ ಕಂಡಿಲ್ರೀ" ಎಂದು ಅವಳು ಗಲ್ಲಕ್ಕೆ ಕೈಯಿಟ್ಟುಕೊಂಡಳು. "ಯಾವ ಊರಿನ ಪದ್ಧತೀನೋ ಏನೋ. ನಮ್ಮ ಮನಿಯವ್ರನ್ನ ಕೇಳ್ತೀನಿ ತಡೀರಿ."

ಅತ್ತೆ ಅಲ್ಲೇ ನೆಲಕ್ಕೆ ಕುಕ್ಕರಿಸಿದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಕೇಳಿಸ್ಕಂಡೇನಮ್ಮಿ? ನಮ್ಮಾವಂದು ಉಚ್ಚಲ್ಲ. ಅದಕ್ಕೊಂದು ಸೀಮೆ ಐತೆ" ಅಂದರು. ನನ್ನ ಕೋಪವೆಲ್ಲ ಎಲ್ಲಿ ಇಳಿದುಹೋಯಿತೋ. ಸಾಹೇಬರ ಹೆಂಡತಿ ಅವತ್ತು ನಮ್ಮ ಮನೆಯ ಜಗಲಿಯಲ್ಲಿ ಕೂತು ಕಡುಬು ತಿಂದು, ಗುದ್ದಲಿ ಪೂಜೆಗೂ ಅತ್ತೆಯೇ ಬರಬೇಕೆಂದು ಹೇಳಿ ಹೋದರು.

ಅಲ್ಲಿಂದ ಶುರುವಾಯಿತು ನಮ್ಮ ಭಾನುವಾರಗಳ ದರ್ಬಾರು. ಪೀಣ್ಯ, ದಾಸರಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ಉತ್ತರ ಕರ್ನಾಟಕದ ಹುಡುಗರನ್ನೆಲ್ಲ, ಆ ಪದ್ಧತಿ ತಮಗೂ ಗೊತ್ತಿಲ್ಲವೆಂದ ಲೇತ್ ಕೆಲಸದ ನಮ್ಮ ಬಾಡಿಗೆದಾರರು ವಾರಕ್ಕಿಷ್ಟು ಮಂದಿಯಂತೆ ಹಿಡಿದು ತರುತ್ತಿದ್ದರು. ಅತ್ತೆ ಅವರಿಗೆ ಮುದ್ದೆ, ಅವರೆಕಾಳು ಸಾರು ಬಡಿಸುತ್ತಿದ್ದರು. ರೊಟ್ಟಿ ತಿಂದು ಬೆಳೆದ ಪಾಪದವರು ಮುದ್ದೆಯನ್ನು ಅಗಿದು ಅಗಿದು ಸುಸ್ತಾಗುತ್ತಿದ್ದರು. "ಅಗೀಬೇಡ್ರಪ್ಪ, ನುಂಗಿ" ಎಂದು ನಾನು ಪಾಠ ಹೇಳಬೇಕಿತ್ತು. ಮುದ್ದೆ ಗಂಟಲಲ್ಲಿರುವಾಗಲೇ ಅತ್ತೆಯ ಪ್ರಶ್ನೆ ಬರುತ್ತಿತ್ತು: "ನಿಮ್ಮ ಕಡೆ ಅಮಾಸೆಗೆ ಕಳ್ಳನ್ನ ಇಕ್ತೀರಾ?"

ಒಬ್ಬನ ಊರಲ್ಲಿ ಕಳ್ಳನೇ ಇಲ್ಲ. ಇನ್ನೊಬ್ಬನ ಊರಲ್ಲಿ ಕಳ್ಳನಿದ್ದಾನೆ, ಆದರೆ ಅವನಿಗೆ ಕೊನೆಗೆ ಮಿಕ್ಕದ್ದು. ಮತ್ತೊಬ್ಬ ಕಳ್ಳನ ಕಲ್ಲಿಗೆ ಚಪ್ಪಲಿಯಲ್ಲಿ ಹೊಡೆಯುತ್ತೇವೆ ಅಂದಾಗ ಅತ್ತೆಗೆ ಸಿಟ್ಟೇ ಬಂತು. "ಅಸಿದು ಬಂದೋನ್ಗೆ ಒಡೀತಾರೇನೋ" ಎಂದು ಬೈದು, ಆಮೇಲೆ ಅವನಿಗೆ ಇನ್ನೊಂದು ಮುದ್ದೆ ಹಾಕಿದರು. ಶಿವರಾತ್ರಿ ಕಳೆಯಿತು, ಯುಗಾದಿಯೂ ಕಳೆಯಿತು. ಅವರೆಕಾಯಿ ಮುಗಿದು ಸಾರು ಹುರುಳಿಗೆ ಇಳಿಯಿತು. ಮಗನ ತಲೆಯಲ್ಲಿ ಬಿಸಿಲಿಗೆ ಬೆವರುಸಾಲೆ ಎದ್ದು ರಾತ್ರಿಯೆಲ್ಲ ಅಳು. ನಾನು ಕತ್ತರಿ ಹುಡುಕಿದರೆ ಅದು ಎಲ್ಲೂ ಇಲ್ಲ. ಅತ್ತೆ ಅದನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದರು.

"ಸಿಗದಿದ್ರೆ ಏನ್ ಮಾಡ್ತೀರಿ ಅತ್ತೆಮ್ಮ? ಐದು ವರ್ಷದ ತನಕ ಮಗೂನ ಹಿಂಗೇ ಗೋಳಾಡಿಸ್ತೀರಾ?" ಎಂದು ಕೂಗಾಡಿದೆ. ಅತ್ತೆ ಯಾವತ್ತೂ ಎದುರುತ್ತರ ಬಿಡುವವರಲ್ಲ. ಅವತ್ತು ಮಾತ್ರ ಮೊಮ್ಮಗನ ತಲೆಗೆ ಬೀಸಣಿಗೆ ಬೀಸುತ್ತ, "ಇನ್ನೊಂದೇ ಭಾನುವಾರ ಕೊಡಮ್ಮಿ. ಆಗ್ಲಿಲ್ಲ ಅಂದ್ರೆ ನೀನೇ ಕತ್ರಿಸು, ನಾನು ಬ್ಯಾಡ ಅನ್ನಲ್ಲ" ಅಂದರು. ಆ ಸೋತ ದನಿ ಕೇಳಿ ನನಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ಸಂಕಟವಾಯಿತು. ಆ ಭಾನುವಾರ ಮುದ್ದೆಯನ್ನು ನಾನೇ ತೊಳಸಿದೆ.

ಬಂದವರಲ್ಲಿ ಒಬ್ಬ ಫಿಟ್ಟರ್ ಇದ್ದ. ಎಣ್ಣೆ ಮೆತ್ತಿದ ಉಗುರು, ಅಗಲ ಹಲ್ಲು, ಊಟದಲ್ಲಿ ಬಲು ಶೂರ. ಅತ್ತೆ ಎಂದಿನ ಪ್ರಶ್ನೆ ಕೇಳಿದರು. ಅವನು ತುತ್ತಿನ ನಡುವೆಯೇ, ಇದೇನು ಕೇಳುವ ಮಾತೇ ಎಂಬಂತೆ ಹೇಳಿದ:

"ಕಳ್ಳಗ ಮೊದಲ ಉಣಿಸಬೇಕಲ್ರೀ. ಅವನ ಹೊಟ್ಟಿ ತುಂಬಿದ್ರ ನಮ್ಮ ಬೆಳಿ ತಂಟೆಗೆ ಯಾಕ ಬರ್ತಾನ?"

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. "ಅವನ್ಗೆ ಸುಣ್ಣ ಅಚ್ತೀರಾ?"

"ಇಲ್ರೀ, ಬೂದಿ. ಕಳ್ಳ ಕಣ್ಣಿಗೆ ಬೀಳಬಾರದಲ್ಲ."

"ಎಡೆ ಇಕ್ಕಿದ ಮ್ಯಾಲೆ?"

"ತಿರುಗಿ ನೋಡಲಾರದ ಮನಿಗಿ ಬರಬೇಕ್ರೀ. ನೋಡಿದ್ರ ಕಳ್ಳಗ ನಾಚಿಕಿ ಆಗ್ತೈತಿ, ಉಣ್ಣೂದಿಲ್ಲ." ಅವನು ಸಾರು ಸುರಿಸಿಕೊಂಡ. "ಹೊಳಿ ದಂಡಿಗೆ ನಮ್ಮವು ಮೂರ ಹಳ್ಳಿ ಅದಾವ್ರೀ. ಆ ಮೂರೂರಾಗ ಮಾತ್ರ ಹಿಂಗ. ಆಜೂಬಾಜೂದವ್ರೆಲ್ಲ ನಗತಾರ."

"ದೇವ್ರು ಯಾವ್ದಪ್ಪ?" ಅತ್ತೆಯ ದನಿ ಗಾಳಿಯಷ್ಟೂ ಇರಲಿಲ್ಲ.

"ಮೂರೂರಿಗೂ ಒಬ್ಬಾಕಿನ. ಹೊಳಿ ದುರ್ಗವ್ವ."

ತಾತ ಆ ಮೂರರಲ್ಲಿ ಯಾವ ಊರಿನವರಾದರೇನು, ದೇವಿ ಒಬ್ಬಳೇ. ಅತ್ತೆ ಸೌಟು ಹಿಡಿದೇ ನನ್ನ ಕುತ್ತಿಗೆಗೆ ಬಿದ್ದರು. ನನ್ನ ಸೀರೆಯೆಲ್ಲ ಹುರುಳಿ ಸಾರು. ಬೇರೆ ದಿನವಾಗಿದ್ದರೆ ರಂಪ ಮಾಡುತ್ತಿದ್ದೆ. ಅವತ್ತು ಇಬ್ಬರೂ ನಕ್ಕೆವು, ಅತ್ತೆವು, ಮತ್ತೆ ನಕ್ಕೆವು. ಆ ಹುಡುಗ ಏನಾಯಿತೆಂದು ತಿಳಿಯದೆ ಎಂಜಲು ಕೈಯಲ್ಲೇ ಎದ್ದು ನಿಂತಿದ್ದ.

ಹೊರಡುವ ಮುಂಚೆ ಅತ್ತೆ ದೊಡ್ಡಮನೆಗೆ ಹೋಗಿ ವಿಷಯ ತಿಳಿಸಿ ಬಂದರು. ಅಲ್ಲಿಯ ಹಿರಿಯಮ್ಮ ದೇವಿಗೆಂದು ಹಸಿರು ಸೀರೆ, ಕಾಯಿ ಕೊಟ್ಟು, "ನಮ್ಮನೇಲಿ ಬೆಳೆದ ಹುಡ್ಗ. ನಮ್ಮ ಕಡೆಯಿಂದ್ಲೂ ಮಡಿಲು ತುಂಬ್ಸು" ಅಂದರಂತೆ. ಮೇ ತಿಂಗಳಲ್ಲಿ ಯಶವಂತಪುರದಿಂದ ರೈಲು ಹತ್ತಿದೆವು. ಫಿಟ್ಟರ್ ರಜೆ ಹಾಕಿ ಜೊತೆಗೆ ಬಂದ. ರೈಲು, ಆಮೇಲೆ ಬಸ್ಸು, ಕೊನೆಗೆ ಟ್ರ್ಯಾಕ್ಟರಿನ ಹಿಂದಿನ ಗಾಡಿ. ದಾರಿಯುದ್ದಕ್ಕೂ ಅತ್ತೆ ಕಪ್ಪು ಮಣ್ಣು ನೋಡಿ, "ಇದೇನು ಕಾಡಿಗೆ ಇದ್ದಂಗೈತೆ" ಎಂದು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಹೊಳೆ ಬೇಸಿಗೆಗೆ ಸಣಕಲಾಗಿತ್ತು. ದಂಡೆಯ ಮೇಲೆ ಬೇವಿನ ಮರ, ಅದರಡಿ ನಾವು ಬಗ್ಗಿ ಒಳಗೆ ಹೋಗಬೇಕಾದಷ್ಟು ಚಿಕ್ಕ ಗುಡಿ. ಫಿಟ್ಟರನ ತಾಯಿ ಮೂರೂರಿನ ಮುದುಕರನ್ನೆಲ್ಲ ಕರೆಸಿದ್ದಳು. ಎತ್ತು ಕೊಳ್ಳಲು ಹೋದವರ ಜೊತೆ ಹೋಗಿ ಉಳಿದುಬಿಟ್ಟ ಹುಡುಗನ ಸುದ್ದಿ ಕೇಳಿದೆವು. ಒಬ್ಬರಿಗೂ ಗೊತ್ತಿರಲಿಲ್ಲ. ನೆನಪಿಟ್ಟುಕೊಳ್ಳಬೇಕಾದವರೆಲ್ಲ ಯಾವತ್ತೋ ಮಣ್ಣಾಗಿದ್ದರು. ನನ್ನ ಗಂಡನ ಮುಖ ಸಪ್ಪಗಾಯಿತು. "ಬಿಡ್ಲಾ" ಎಂದರು ಅತ್ತೆ. "ಅವ್ರಿಗೆ ಗ್ಯಾಪಕ ಇಲ್ದಿದ್ರೆ ಓಗ್ಲಿ. ನನ್ಗೈತಲ್ಲ." ಅಷ್ಟು ಹೇಳಿ, ನೀನೂ ತಲೆ ತೊಳೆದುಕೊ ಎಂದು ನನ್ನ ಗಂಡನಿಗೇ ಅಪ್ಪಣೆ ಮಾಡಿದರು. ಅವರ ಮುಡಿಯೂ ಬೇರೆ ದೇವರ ಪಾಲಾಗಿತ್ತಲ್ಲ! ಕಿವಿ ಮುಚ್ಚುವಷ್ಟು ಕ್ರಾಪು, ಕೆನ್ನೆಗಿಳಿದ ಕೂದಲು ಬಿಟ್ಟುಕೊಂಡು ದಿನಕ್ಕೆ ಮೂರು ಸಲ ಬಾಚುತ್ತಿದ್ದ ನನ್ನ ಯಜಮಾನರು ಮಗನ ಪಕ್ಕದಲ್ಲೇ ಒದ್ದೆ ತಲೆಯಲ್ಲಿ ಕೂತದ್ದು ನೋಡಿ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ಕ್ಷೌರದ ಕತ್ತಿ ಮಸೆಯುತ್ತಿದ್ದವನನ್ನು ಪೂಜಾರಿ ತಡೆದ. "ಮುಡಿ ತಗ್ಯೂಕ ಮೊದಲ ಮನಿ ಹಿರ್ಯಾನ ಹೆಸರು ಕರೀಬೇಕ್ರೀ. ಯಾರ ಬಳ್ಳಿ ಕೂಸು ಅಂತ ಅವ್ವಗ ತಿಳೀಬೇಕು. ನೀವು ಹೆಸರು ಹೇಳ್ರಿ, ನಾ ಬಂದಾನೇನು ಅಂತ ಕೇಳ್ತೀನಿ. ಕೂಡಿದವರೆಲ್ಲ ಬಂದಾನ ಅನ್ಬೇಕು. ಮೂರು ಸಲ."

ನನ್ನ ಗಂಡ ಬಾಯಿ ತೆರೆದರು. ಅತ್ತೆ ಅವರ ತೋಳು ಹಿಡಿದರು. "ನಾನ್ ಕರೀತೀನಿ."

ಸೊಸೆಯಾದವಳು ಮಾವನ ಹೆಸರು ಬಾಯಲ್ಲಿ ತರುವುದಿಲ್ಲ. ರೇಷನ್ ಅಂಗಡಿಯಲ್ಲಾಗಲಿ, ಆಸ್ಪತ್ರೆಯಲ್ಲಾಗಲಿ ಆ ಹೆಸರು ಬೇಕಾದರೆ ಅತ್ತೆ ಪಕ್ಕದಲ್ಲಿದ್ದವರ ಕಡೆ ಕೈ ತೋರಿಸುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಒಮ್ಮೆಯೂ ಅವರ ಬಾಯಿಂದ ಅದನ್ನು ಯಾರೂ ಕೇಳಿರಲಿಲ್ಲ. ಅವತ್ತು ಸೆರಗು ಬಿಗಿದು ಹೊಳೆಯ ಕಡೆ ತಿರುಗಿ, ಕೆರೆಯಾಚೆ ದನ ಮೇಯಿಸುತ್ತಿರುವವರನ್ನು ಊಟಕ್ಕೆ ಕರೆಯುವಷ್ಟು ಜೋರಾಗಿ ಆ ಹೆಸರು ಹಿಡಿದು ಕೂಗಿದರು.

"ಬಂದಾನೇನು?" ಪೂಜಾರಿ ಕೇಳಿದ.

"ಬಂದಾನ" ಎಂದರು ಎಲ್ಲರೂ. ಫಿಟ್ಟರ್, ಅವನ ತಾಯಿ, ಕತ್ತಿ ಹಿಡಿದವನು, ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು, ತಾತನ ಸುದ್ದಿಯೇ ಗೊತ್ತಿಲ್ಲದ ಆ ಮುದುಕರು.

ಎರಡನೇ ಸಲ ಅತ್ತೆಯ ದನಿ ಒಡೆಯಿತು. ನಾನು ಹೋಗಿ ಅವರ ಕೈ ಹಿಡಿದುಕೊಂಡೆ. ಮೂರನೇ ಸಲ ಹೆಸರು ಕೂಗಿ, ಪೂಜಾರಿ "ಬಂದಾನೇನು?" ಅಂದಾಗ ಅತ್ತೆ ಉಳಿದವರಿಗಾಗಿ ಕಾಯಲಿಲ್ಲ. ಅಷ್ಟೊಂದು "ಬಂದಾನ"ಗಳ ನಡುವೆ, ಎಲ್ಲರಿಗಿಂತ ಮುಂಚೆ, ನಮ್ಮ ಮತ್ತಿಕೆರೆಯ ಮಾತಿನಲ್ಲಿ ಅವರೊಬ್ಬರು ಹೇಳಿದರು: "ಬಂದವ್ನೆ."